ಕಾಯುವ ದಿನಗಳಲ್ಲಿ ನಮಗಾಗಿ ಬೇಡಿಕೊಂಡವರಿಗೆ

ನಮ್ಮ ಮನೆಯವರಿಗೆ ಬೆಂಗಳೂರಿನಲ್ಲಿ ಮೂತ್ರಪಿಂಡ ಕಸಿ ಸುಸೂತ್ರವಾಗಿ ನಡೆದು, ಕೆಲವು ತಿಂಗಳು ಅಲ್ಲಿಯೇ ಬಾಡಿಗೆ ಕೋಣೆಯಲ್ಲಿದ್ದು, ಈಗ ಬಳ್ಳಾರಿಗೆ ಮರಳಿದ್ದೇವೆ. ವರ್ಷಗಟ್ಟಲೆ ನಮಗಾಗಿ ಮೊಣಕಾಲೂರಿದ ಸಭಾಪಾಲಕರಿಗೂ ಹಿರಿಯರಿಗೂ ಸ್ತ್ರೀಯರ ಕೂಟದ ಸಹೋದರಿಯರಿಗೂ ಸಭೆಯ ಮುಂದೆ ನಿಂತು ವಂದನೆ ಹೇಳಬೇಕಿತ್ತು. ಜನಸಂದಣಿಯಿಂದ ದೂರವಿರಬೇಕೆಂದು ವೈದ್ಯರು ಹೇಳಿರುವುದರಿಂದ ಬರೆದು ತಿಳಿಸುತ್ತಿದ್ದೇನೆ.

ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು 4 ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವುದನ್ನು ಅವರು ಹೇಗೋ ಸಹಿಸಿದರು. ಅದಕ್ಕಿಂತ ಕಠಿಣವಾಗಿದ್ದದ್ದು, ದೇಹದಲ್ಲಿ ನೀರು ತುಂಬಿಕೊಳ್ಳದಂತೆ ವಿಧಿಸಿದ್ದ ಕುಡಿಯುವ ನೀರಿನ ಮಿತಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇಡೀ ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ತುಂಬಿ, ಚಹಾ, ಸಾರು, ಮಜ್ಜಿಗೆಗಳನ್ನೂ ಅದರಲ್ಲೇ ಕಳೆದು, ಉಳಿದದ್ದನ್ನು ಗುಟುಕು ಗುಟುಕಾಗಿ ಕೊಡುತ್ತಿದ್ದೆ. ಅಂಥ ದಿನಗಳ ಕೊನೆಗೆ ಪ್ರಾರ್ಥನೆಗೆ ಮಾತೇ ಹೊರಡುತ್ತಿರಲಿಲ್ಲ. ಬೈಬಲಿನ 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿಯೇ 'ಎಲ್ಲಿಯವರೆಗೆ' ಎಂಬ ಮೊರೆ ನಾಲ್ಕು ಸಲ ಬರುತ್ತದೆ. ಎಷ್ಟೋ ರಾತ್ರಿ ಅಷ್ಟನ್ನೇ ಓದಿ ಮಲಗಿದ್ದುಂಟು. ಶುಕ್ರವಾರದ ಉಪವಾಸ ಕೂಟದಲ್ಲಿ ನಾನು ಬಾಯಿ ತೆರೆಯದೆ ಕುಳಿತಾಗ, ಏಕೆಂದು ಕೇಳದೆ ನನ್ನ ಪಾಲಿನ ಪ್ರಾರ್ಥನೆಯನ್ನೂ ತಾವೇ ಮಾಡಿದ ಸಹೋದರಿಯರ ಋಣ ದೊಡ್ಡದು.

ರಾಜ್ಯದಲ್ಲಿ ಅಂಗದಾನವನ್ನು ನೋಡಿಕೊಳ್ಳುವ ಸಂಸ್ಥೆಯಾದ 'ಜೀವಸಾರ್ಥಕತೆ'ಯ ಸರದಿ ಪಟ್ಟಿಗೆ ಹೆಸರು ಸೇರಿದ ಮೇಲೆ ಬೇರೊಂದು ಸಂಕಟ ಶುರುವಾಯಿತು. ಮೆದುಳು ನಿಷ್ಕ್ರಿಯಗೊಂಡವರೊಬ್ಬರ ಕುಟುಂಬ ಒಪ್ಪಿದಾಗ ಸಿಗುವ ಅಂಗವನ್ನು ಬೇಗ ಕೊಡು ಎಂದು ದೇವರಲ್ಲಿ ಬೇಡಿದರೆ, ಯಾರದೋ ಮನೆಯ ಸಾವನ್ನೇ ಬೇಡಿದಂತಾಗದೇ? ಇದನ್ನು ಸಭಾಪಾಲಕರ ಮುಂದಿಟ್ಟಾಗ ಅವರು ಕೂಡಲೇ ಉತ್ತರ ಕೊಡಲಿಲ್ಲ. ಮುಂದಿನ ವಾರ ಮನೆಗೆ ಬಂದು, "ದಿನವನ್ನು ಆತನ ಚಿತ್ತಕ್ಕೆ ಬಿಡಿರಿ, ಅಂಥ ದುಃಖ ಬಂದ ಮನೆಯವರಿಗೆ ಆದರಣೆ ಸಿಗಲಿ, ಕೊಡುವ ಮನಸ್ಸೂ ಸಿಗಲಿ ಎಂದು ಬೇಡಿರಿ" ಎಂದರು. ಅಂದಿನಿಂದ ನಮ್ಮ ಮನೆಯ ಪ್ರಾರ್ಥನೆಯಲ್ಲಿ ಗುರುತಿಲ್ಲದ ಒಂದು ಕುಟುಂಬಕ್ಕೆ ನಮಗಿಂತ ಮೊದಲ ಸ್ಥಾನ ಬಂದಿತು. ದಾನಿಯ ಗುರುತು ಗೌಪ್ಯವಾಗಿರಬೇಕೆಂಬುದು ನಿಯಮವಾದ್ದರಿಂದ ಅವರ ಬಾಗಿಲಿಗೆ ಹೋಗಿ ಕೈಮುಗಿಯಲಾರೆವು. ಈ ಬರಹ ಎಂದಾದರೂ ಅವರ ಕಣ್ಣಿಗೆ ಬಿದ್ದರೆ, ನಮ್ಮ ಮೊದಲ ವಂದನೆ ಅವರಿಗೇ ಸಲ್ಲುತ್ತದೆ.

ನಂಬಿಕೆ ಸಾಲದ್ದರಿಂದಲೇ ತಡವಾಗುತ್ತಿದೆ ಎಂದವರೂ ಇದ್ದರು. ವಿಧವೆಯೊಬ್ಬಳು ಪದೇ ಪದೇ ಬಂದು ಕಾಡಿದ್ದರಿಂದ ಅನ್ಯಾಯದ ನ್ಯಾಯಾಧಿಪತಿ ಕೊನೆಗೆ ನ್ಯಾಯ ತೀರಿಸಿದ, ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯವನ್ನು ಅವರು, ಪೀಡಿಸಿದಷ್ಟೂ ದೇವರು ಮಣಿಯುತ್ತಾನೆ ಎಂಬ ಅರ್ಥದಲ್ಲಿ ಹೇಳುತ್ತಿದ್ದರು. ಯೇಸು ಅಲ್ಲಿ ತಂದೆಯಾದ ದೇವರನ್ನು ಆ ಅನ್ಯಾಯದ ನ್ಯಾಯಾಧಿಪತಿಗೆ ಸಮಾನನೆನ್ನಲಿಲ್ಲ. ಅಂಥವನೇ ಕೊನೆಗೆ ನ್ಯಾಯ ತೀರಿಸುವುದಾದರೆ ದೇವರು ತನ್ನವರಿಗೆ ತೀರಿಸದಿರುವನೇ ಎಂದು ಕೇಳಿದನು. ಅಪೊಸ್ತಲನಾದ ಪೌಲನು ಮೂರು ಸಲ ಬೇಡಿಕೊಂಡರೂ, ಅವನು 'ಶರೀರದ ಮುಳ್ಳು' ಎಂದು ಕರೆದ ಬಾಧೆ ಹೋಗಲಿಲ್ಲ. ಅವನಲ್ಲಿ ನಂಬಿಕೆ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಡಯಾಲಿಸಿಸ್ ಘಟಕದಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಕಂಪ್ಲಿ ಕಡೆಯ ಅಣ್ಣನವರು ಸರದಿ ಬರುವ ಮುಂಚೆಯೇ ತೀರಿಕೊಂಡರು. ಶಸ್ತ್ರಚಿಕಿತ್ಸೆಯ ದಿನ ಅವರ ಪತ್ನಿ ಫೋನಿನಲ್ಲಿಯೇ ನಮಗಾಗಿ ಪ್ರಾರ್ಥಿಸಿದರು. ಅಕ್ಕಾ, ಆ ಪ್ರಾರ್ಥನೆಗೆ ಪ್ರತಿಯಾಗಿ ಹೇಳಲು ನನ್ನಲ್ಲಿ ತಕ್ಕ ಮಾತಿಲ್ಲ.

ಸೂಜಿ ಚುಚ್ಚುವಾಗಲೂ ನಗಿಸುತ್ತಿದ್ದ ಡಯಾಲಿಸಿಸ್ ಘಟಕದ ಸಿಬ್ಬಂದಿಗೆ, ಐದು ಹೊತ್ತಿನ ನಮಾಜಿನಲ್ಲಿ ನಮಗಾಗಿ ದುವಾ ಮಾಡಿದ ಕೌಲ್ ಬಜಾರಿನ ಚಾಚಾ ಅವರಿಗೆ, ಕನಕದುರ್ಗಮ್ಮನಿಗೆ ಹರಕೆ ಹೊತ್ತು ಮಕ್ಕಳಿಗೆ ರೊಟ್ಟಿ ಕಳಿಸುತ್ತಿದ್ದ ಎದುರುಮನೆಯ ಅಕ್ಕನವರಿಗೆ ಹೃತ್ಪೂರ್ವಕ ವಂದನೆಗಳು.

ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ನಮ್ಮ ಮನೆಯವರು ಜೀವನವಿಡೀ ಮಾತ್ರೆ ತೆಗೆದುಕೊಳ್ಳಬೇಕು; ಆ ಮಾತ್ರೆಗಳಿಂದ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ನೋಡಲು ಬರುವವರು ದಯಮಾಡಿ ಮೊದಲು ಫೋನ್ ಮಾಡಿ, ನೆಗಡಿ ಜ್ವರಗಳಿದ್ದರೆ ಬೇರೊಂದು ದಿನ ಬರಬೇಕೆಂದು ಕೋರುತ್ತೇನೆ. ಶುಕ್ರವಾರದ ಕೂಟದ ಪ್ರಾರ್ಥನಾ ಪಟ್ಟಿಯಲ್ಲಿ ನಮ್ಮ ಹೆಸರಿದ್ದ ಕಡೆ, ಅದೇ ಘಟಕದಲ್ಲಿ ಇನ್ನೂ ಸರದಿಗಾಗಿ ಕಾಯುತ್ತಿರುವವರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಬರೆಸಿದ್ದೇನೆ.