ಆರು ಪಥದ ಹೆದ್ದಾರಿಗೆ ಮೂರೂಮುಕ್ಕಾಲು ಮೀಟರಿನ ಕೂಡುರಸ್ತೆ

ಸಂಪಾದಕರೇ,

ಪುಣೆ–ಬೆಂಗಳೂರು ಹೆದ್ದಾರಿ ಆರು ಪಥವಾದರೆ ಹಾವೇರಿಯಂಥ ಜಿಲ್ಲೆ ಇಡಿಯಾಗಿ ಬೆಳೆಯುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಕೂಡಿಸುವ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥ ಹೆದ್ದಾರಿಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಘನಿ, ಗೋಸ್ವಾಮಿ ಮತ್ತು ಕೆರ್ ಕಂಡದ್ದು ಇಷ್ಟು: ಹೆದ್ದಾರಿಯಿಂದ 10 ಕಿ.ಮೀ. ಒಳಗಿನ ಜಿಲ್ಲೆಗಳಲ್ಲಿ ಕಾರ್ಖಾನೆಗಳೂ ಉತ್ಪಾದನೆಯೂ ಹೆಚ್ಚಿದವು. 10ರಿಂದ 50 ಕಿ.ಮೀ. ದೂರದವುಗಳಲ್ಲಿ ಆ ಏರಿಕೆ ಕಾಣಲಿಲ್ಲ.

ಬ್ಯಾಡಗಿ ಮಾರುಕಟ್ಟೆ ಹೆದ್ದಾರಿಗೆ ಹತ್ತಿರ, ಅದರ ಅದೃಷ್ಟ. ಹಾನಗಲ್, ಹಿರೇಕೆರೂರು ಕಡೆಯ ಒಳಹಳ್ಳಿಗಳ ಪಾಡು ಬೇರೆ. ಅಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ. ಲಾರಿಯೇ ಎರಡೂವರೆ ಮೀಟರ್. ಎದುರಿಗೆ ಟ್ರ್ಯಾಕ್ಟರ್ ಬಂದರೆ ಒಂದರ ಗಾಲಿ ಮಣ್ಣಿಗೆ ಇಳಿಯಲೇಬೇಕು. ಅಂಚು ಒಡೆಯುತ್ತದೆ, ಮಳೆನೀರು ಒಳಗಿಳಿಯುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಗಾಲಿಯ ಜಾಡಿನುದ್ದಕ್ಕೂ ರಸ್ತೆ ಕುಸಿಯುತ್ತದೆ. ಆಮೇಲೆ ದೊಡ್ಡ ಲಾರಿ ಊರಿಗೆ ಬರುವುದಿಲ್ಲ. ರೈತರು ಟ್ರೇಲರಿನಲ್ಲಿ ತಂದು ಹೆದ್ದಾರಿ ಪಕ್ಕದಲ್ಲಿ ಮತ್ತೆ ಲಾರಿಗೆ ಹೇರಬೇಕು. ಹಮಾಲಿ ಎರಡು ಸಲ, ಹಣ್ಣು ತರಕಾರಿ ನಜ್ಜುಗುಜ್ಜು.

ಭಾರದ ಲೆಕ್ಕವೂ ಇದೆ. 2018ರಲ್ಲಿ ಲಾರಿಯ ನಾಲ್ಕು ಗಾಲಿಯ ಒಂಟಿ ಆಕ್ಸಲ್ (ಗಾಲಿಗಳ ಅಚ್ಚು) ಹೊರಬಹುದಾದ ಭಾರದ ಮಿತಿ 10.2ರಿಂದ 11.5 ಟನ್‌ಗೆ ಏರಿತು. ರಸ್ತೆಯ ಸವೆತ ಭಾರದ ನಾಲ್ಕನೇ ಘಾತದಷ್ಟು, ಅಂದರೆ ಭಾರ ಎರಡು ಪಟ್ಟಾದರೆ ಹದಿನಾರು ಪಟ್ಟು, ಹೆಚ್ಚುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಶೇ 13ರಷ್ಟು ಹೆಚ್ಚಿನ ಭಾರ ಎಂದರೆ ಶೇ 60ರಷ್ಟು ಹೆಚ್ಚು ಸವೆತ. ಕಡಿಮೆ ಸಂಚಾರಕ್ಕೆಂದು ಕಟ್ಟಿದ ರಸ್ತೆ ಇದನ್ನು ತಾಳದು. ಗುತ್ತಿಗೆದಾರರ ನಿರ್ವಹಣೆ ಐದು ವರ್ಷಕ್ಕೆ ಮುಗಿಯುತ್ತದೆ. ಆರನೇ ವರ್ಷದಿಂದ ಆ ರಸ್ತೆಗೆ ದಿಕ್ಕಿಲ್ಲ.

ಗುಂಡಿಗೆ ಜಲ್ಲಿ, ಡಾಂಬರು ಸುರಿದರೆ ಪ್ರಯೋಜನವಿಲ್ಲ, ರೋಗ ಕೆಳಗಿದೆ. ಒಡೆದ ಅಂಚನ್ನು ನೇರವಾಗಿ ಕತ್ತರಿಸಿ, ನೆನೆದ ಮಣ್ಣು ತೆಗೆದು, ಗರಸನ್ನು ಪದರ ಪದರವಾಗಿ ರೋಲರ್‌ನಿಂದ ಅದುಮಬೇಕು. ಪಕ್ಕದ ಮಣ್ಣು ಡಾಂಬರಿನ ಮಟ್ಟಕ್ಕೇ ಇದ್ದು, ಮೀಟರಿಗೆ 4–5 ಸೆಂ.ಮೀ. ಹೊರಕ್ಕೆ ಇಳಿಯಬೇಕು. ಹೊಲದ ದಾರಿಗೆಂದು ಚರಂಡಿ ಮುಚ್ಚಿದಲ್ಲೆಲ್ಲ ನೀರು ಹರಿಯಲು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಹಾಕಬೇಕು. ಇದೊಂದನ್ನು ಮಾಡದಿದ್ದರೆ ಉಳಿದ ಕೆಲಸವೆಲ್ಲ ಒಂದೇ ಮಳೆಗಾಲಕ್ಕೆ ಹಾಳು.

ಹೆದ್ದಾರಿಯನ್ನೂ ಮಾರುಕಟ್ಟೆಯನ್ನೂ ಕೂಡಿಸುವ, 10ರಿಂದ 40 ಕಿ.ಮೀ. ಒಳಗಿನ ರಸ್ತೆಗಳನ್ನು ಜಿಲ್ಲಾಡಳಿತ ಮೊದಲು ಗುರುತಿಸಲಿ. ಅವುಗಳ ಡಾಂಬರನ್ನು 5.5 ಮೀಟರಿಗೆ ಅಗಲಿಸಿ, ಆರನೇ ವರ್ಷದಿಂದ ಬೇಕಾಗುವ ನಿರ್ವಹಣೆಯ ಹಣವನ್ನು ಮೂಲ ಅಂದಾಜುಪಟ್ಟಿಯಲ್ಲೇ ತೆಗೆದಿಡಲಿ. ಈ ವರ್ಷದ ಚರಂಡಿ ಕೆಲಸವಾದರೂ ಮುಂಗಾರಿಗೆ ಮುಂಚೆ ಮುಗಿಯಲಿ.

–ಇಬ್ಬರು ನಿವೃತ್ತ ರಸ್ತೆ ಎಂಜಿನಿಯರುಗಳು, ಹಾವೇರಿ