ಇಟಲಿ ಬೈಕೋ, ಜಪಾನ್ ಬೈಕೋ: ಹಳೆಯದನ್ನು ಕೊಳ್ಳುವವರಿಗೆ

ಗೆಳೆಯರೇ, ಸೆಕೆಂಡ್ ಹ್ಯಾಂಡ್ ಡುಕಾಟಿ ಮಾನ್ಸ್ಟರ್ ತಗೊಳ್ಳೋದಾ, ಕವಾಸಾಕಿ ಝಡ್900 ತಗೊಳ್ಳೋದಾ ಎಂದು ಈ ವಾರ ಮೂವರು ಕೇಳಿದ್ದೀರಿ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ.

ಎರಡರ ಎಂಜಿನ್ನೂ ಹೆಚ್ಚುಕಡಿಮೆ ಒಂದೇ ಗಾತ್ರ: 937 ಸಿಸಿ, 948 ಸಿಸಿ. ಆದರೆ ಮಾನ್ಸ್ಟರ್ ಸುಮಾರು 188 ಕೆಜಿ, ಝಡ್ 212. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಮಾನ್ಸ್ಟರ್ ಮನಸ್ಸಿನಲ್ಲಿ ಅಂದುಕೊಂಡ ಕಡೆಗೆ ವಾಲುತ್ತದೆ, ನನಗಂತೂ ಅದೇ ಇಷ್ಟ. ಝಡ್‌ನ ನಾಲ್ಕು ಸಿಲಿಂಡರ್ ಮಾತ್ರ ಹೆದ್ದಾರಿಯಲ್ಲಿ ಬೆಣ್ಣೆಯ ಹಾಗೆ. ಟ್ಯಾಂಕೂ ದೊಡ್ಡದು, 17 ಲೀಟರ್.

ಖರ್ಚಿನ ವಿಷಯ ಗಮನವಿಟ್ಟು ಓದಿ. ಹಿಂದಿನ ಟೈರ್ ಎರಡಕ್ಕೂ 180/55 ಅಳತೆಯದೇ, ಅಲ್ಲಿ ಉಳಿತಾಯವಿಲ್ಲ. ವ್ಯತ್ಯಾಸ ಇರುವುದು ವಾಲ್ವ್‌ಗಳಲ್ಲಿ, ಅಂದರೆ ಎಂಜಿನ್ ಒಳಕ್ಕೆ ಗಾಳಿ-ಪೆಟ್ರೋಲ್ ಬಿಟ್ಟು ಹೊಗೆಯನ್ನು ಹೊರಕ್ಕೆ ಬಿಡುವ ಬಾಗಿಲುಗಳಲ್ಲಿ. ಡುಕಾಟಿಯ ಡೆಸ್ಮೊ ವ್ಯವಸ್ಥೆಯಲ್ಲಿ ವಾಲ್ವನ್ನು ಮುಚ್ಚುವುದು ಸ್ಪ್ರಿಂಗ್ ಅಲ್ಲ, ಇನ್ನೊಂದು ಕ್ಯಾಮ್ (ತಿರುಗುತ್ತಾ ವಾಲ್ವನ್ನು ಆಡಿಸುವ ಉಬ್ಬು ಭಾಗ). ಹಾಗಾಗಿ ತೆರೆಯುವ ಕಡೆ, ಮುಚ್ಚುವ ಕಡೆ ಎರಡೂ ಅಂತರ ಅಳೆಯಬೇಕು, ಕೂಲಿ ಏರುತ್ತದೆ. ಈ ಕೆಲಸ 30,000 ಕಿ.ಮೀ.ಗೊಮ್ಮೆ. ಇದರ ಜೊತೆಗೆ ಈ ಕ್ಯಾಮ್‌ಗಳನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಬೇರೆ ಇದೆ. ಓಡಿಸದೆ ನಿಲ್ಲಿಸಿದ್ದರೂ ಇಂತಿಷ್ಟು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಬದಲಿಸಲೇಬೇಕು. ಝಡ್‌ನಲ್ಲಿ ಆ ಬೆಲ್ಟಿನ ಜಾಗದಲ್ಲಿರುವುದು ಚೈನ್, ಆ ಚಿಂತೆ ಇಲ್ಲ.

ಆದ್ದರಿಂದ "ಕಡಿಮೆ ಓಡಿದೆ" ಎಂಬ ಹಳೆಯ ಡುಕಾಟಿ ಕಂಡರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ಮುಂಗಡ ಕೊಡುವ ಮೊದಲು ಸರ್ವಿಸ್ ಪುಸ್ತಕದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.