ಕಣ್ಣಿಗೆ ಕಂಡ ಸರಳರೇಖೆ

ಮಾನ್ಯರೇ,

ಸರಳರೇಖಾಗತ ಬಿಂದುಗಳ (ಅಂದರೆ ಒಂದೇ ಸರಳರೇಖೆಯ ಮೇಲಿರುವ ಬಿಂದುಗಳ) ಪಾಠವನ್ನು ‘ತ್ರಿಭುಜದ ವಿಸ್ತೀರ್ಣ ಸೊನ್ನೆ ಬಂದರೆ ಹೌದು, ಬಾರದಿದ್ದರೆ ಅಲ್ಲ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವ ರೂಢಿಯ ಕುರಿತು ಈ ಪತ್ರ ಬರೆಯುತ್ತಿದ್ದೇನೆ.

ಯಾವ ಎರಡು ಬಿಂದುಗಳನ್ನು ತೆಗೆದುಕೊಂಡರೂ ಅವುಗಳ ಮೂಲಕ ಒಂದು ಸರಳರೇಖೆ ಹಾದೇ ಹೋಗುತ್ತದೆಯಾದ್ದರಿಂದ ಪ್ರಶ್ನೆ ಹುಟ್ಟುವುದೇ ಮೂರನೆಯ ಬಿಂದುವಿನಿಂದ. ಅದೂ ಅದೇ ರೇಖೆಯ ಮೇಲೆ ಬಿದ್ದರೆ ತ್ರಿಭುಜವೇ ಉಂಟಾಗುವುದಿಲ್ಲ. ವಿಸ್ತೀರ್ಣ ಸೊನ್ನೆಯಾಗುವುದು ಈ ಕಾರಣಕ್ಕೆ. ಇದನ್ನು ಹೇಳದೆ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿಸಿದರೆ ಮಗು ಉತ್ತರವನ್ನೇನೋ ಸರಿಯಾಗಿ ಬರೆದೀತು, ಆದರೆ ತಾನು ಪರೀಕ್ಷಿಸುತ್ತಿರುವುದು ಏನನ್ನು ಎಂಬುದು ಅದಕ್ಕೆ ತಿಳಿದಿರುವುದಿಲ್ಲ.

ನಾನು ಗಣಿತ ಶಿಕ್ಷಕಿ. ಈಚೆಗೆ ತರಗತಿಯಲ್ಲಿ (0, 0), (5, 2), (13, 5) ಬಿಂದುಗಳನ್ನು ಸೆಂಟಿಮೀಟರ್ ಚೌಕಗಳ ಗ್ರಾಫ್ ಹಾಳೆಯ ಮೇಲೆ ಗುರುತಿಸಲು ಹೇಳಿದೆ. ಅಡಿಪಟ್ಟಿ ಇಟ್ಟು ನೋಡಿದ ಹೆಚ್ಚಿನ ಮಕ್ಕಳು ಮೂರೂ ಒಂದೇ ರೇಖೆಯಲ್ಲಿವೆ ಎಂದರು. ಒಬ್ಬ ಹುಡುಗಿ ಎರಡು ಬಿಂದುಗಳ ನಡುವಿನ ದೂರ ಕೊಡುವ ಸೂತ್ರ ಹಚ್ಚಿ, ವರ್ಗಮೂಲಗಳನ್ನು ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿ, 5.39 ಮತ್ತು 8.54 ಕೂಡಿದರೆ 13.93 ಆಗುತ್ತದೆ, ತುದಿಯ ಎರಡು ಬಿಂದುಗಳ ನಡುವಿನ ದೂರವೂ 13.93, ಆದ್ದರಿಂದ ಮೂರೂ ಒಂದೇ ರೇಖೆಯಲ್ಲಿವೆ ಎಂದು ತೋರಿಸಿದಳು. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ, ಆದರೂ ತೀರ್ಮಾನ ತಪ್ಪು. ಮೊದಲ ತುಂಡಿನ ಇಳಿಜಾರು 2/5, ಅಂದರೆ 0.4, ಎರಡನೆಯದರದು 3/8, ಅಂದರೆ 0.375; ಒಂದೇ ರೇಖೆಯಾಗಿದ್ದರೆ ಎರಡೂ ಸಮವಾಗಿರಬೇಕಿತ್ತು. ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರ್ ಉಳಿಯುತ್ತದೆ. ನಡುವಿನ ಬಿಂದು ರೇಖೆಯಿಂದ ಸರಿದಿರುವುದು ಸುಮಾರು 0.7 ಮಿಲಿಮೀಟರಿನಷ್ಟು, ಅಂದರೆ ಮೊಂಡಾದ ಪೆನ್ಸಿಲ್ ಗೆರೆಯಲ್ಲಿ ಅಡಗಿಹೋಗುವಷ್ಟು ಮಾತ್ರ. ವರ್ಗಮೂಲಗಳನ್ನು ಮೂರು ಸ್ಥಾನಗಳವರೆಗೆ ತೆಗೆದುಕೊಂಡಾಗ 13.929 ಮತ್ತು 13.928 ಬೇರೆಬೇರೆಯಾಗಿ ನಿಂತವು.

‘ಹಾಗಾದರೆ (5, 2)ರ ಬದಲು ಯಾವ ಬಿಂದು ಇಟ್ಟರೆ ಸರಿಹೋಗುತ್ತದೆ?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಗಂಟೆ ಹೊಡೆಯುವವರೆಗೂ ಹುಡುಕಿದರು. 13 ಮತ್ತು 5ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದ ಕಾರಣ ಆ ಎರಡು ತುದಿಗಳ ನಡುವೆ ಪೂರ್ಣಾಂಕಗಳ ಬಿಂದು ಒಂದೂ ಸಿಗುವುದಿಲ್ಲ ಎಂಬುದನ್ನು ಮರುದಿನ ಅವರೇ ಕಂಡುಕೊಂಡರು. ಇಷ್ಟು ಕುತೂಹಲವನ್ನು ನಾನು ಯಾವ ಸೂತ್ರದ ಪಾಠದಲ್ಲಿಯೂ ಕಂಡಿರಲಿಲ್ಲ.

ಆದ್ದರಿಂದ ಪಠ್ಯಪುಸ್ತಕ ರಚಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಸೂತ್ರ ಹೇಳುವುದಕ್ಕೆ ಮುಂಚೆ ಕಣ್ಣನ್ನು ಮೋಸಗೊಳಿಸುವ ಇಂಥ ಒಂದು ಉದಾಹರಣೆಯನ್ನು ಕೊಡಿ. ಪ್ರಶ್ನೆಪತ್ರಿಕೆ ತಯಾರಿಸುವವರು ‘ಸೊನ್ನೆ ಏಕೆ ಬರುತ್ತದೆ?’ ಎಂಬುದಕ್ಕೂ ಒಂದು ಅಂಕವನ್ನು ಮೀಸಲಿಡಲಿ.

ಇತಿ,
ಒಬ್ಬ ಗಣಿತ ಶಿಕ್ಷಕಿ